ವಾಚ್ ಮಾವನ ಭೂತಗನ್ನಡಿ, ಮಗಳ ಮೂಗುಬೊಟ್ಟು

ಮನೆಯಲ್ಲಿ ಯಾರಾದರೂ ಮೂಗು ಚುಚ್ಚಿಸಿಕೊಂಡರೆ ಸಾಕು, ಮೂಲೆಗೊಬ್ಬ ವೈದ್ಯ ಹುಟ್ಟಿಕೊಳ್ಳುತ್ತಾನೆ. ನಮ್ಮ ಬೀದಿಯ ವಾಚ್ ಮಾವನ ಮನೆಯಲ್ಲಿ ಆ ವೈದ್ಯರು ಸ್ವತಃ ವಾಚ್ ಮಾವನೇ.

ಕೈಗಡಿಯಾರದ ರಿಪೇರಿಯಲ್ಲಿ ಅವರದು ಎತ್ತಿದ ಕೈ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಸಾಸಿವೆಯಷ್ಟು ಸ್ಕ್ರೂ ಕೂಡ ಅವರ ಮಾತು ಕೇಳುತ್ತದೆ. ತೀರಿಹೋದ ಹೆಂಡತಿಯ ಕೆಂಪು ಕಲ್ಲಿನ ಚಿನ್ನದ ಮೂಗುಬೊಟ್ಟನ್ನು ಅವರು ಕೆಲಸದ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದರು. ಅದನ್ನು ಹಾಕಿಕೊಳ್ಳಬೇಕೆಂದೇ ಮಗಳು ಮೂಗು ಚುಚ್ಚಿಸಿಕೊಂಡಳು.

ಚುಚ್ಚುವ ಕಡೆ ಎಲ್ಲ ಸರಿಯಾಗಿಯೇ ನಡೆಯಿತು. ಹೊಸ ಸೂಜಿಯ ಪೊಟ್ಟಣವನ್ನು ಅವಳ ಎದುರಿಗೇ ಒಡೆದರು, ಟೈಟಾನಿಯಂ ಬೊಟ್ಟು ಹಾಕಿದರು. "ಗಾಯ ಪೂರ್ತಿ ಮಾಗೋವರೆಗೂ ಇದನ್ನ ತೆಗೀಬೇಡಿ. ಅಮ್ಮನ ಬೊಟ್ಟು ಆಮೇಲೆ" ಎಂದರು.

ಮಾವನಿಗೆ ಆ ಬೂದು ಬೊಟ್ಟು ಸಪ್ಪೆ ಅನ್ನಿಸಿತು. ಹಳೆ ವಾಚಿನ ಕೇಸಿನ ಲೋಹ ಕೊರೆದು, ಥಳಥಳ ಹೊಳೆಯುವ ಬೊಟ್ಟೊಂದನ್ನು ತಾವೇ ಮಾಡಿ ಹಾಕಿಬಿಟ್ಟರು. ದಿನಾ ಸ್ಪಿರಿಟ್ಟಿನಲ್ಲಿ ಒರೆಸಿದರು. ವಾಚಿನ ಎಣ್ಣೆ ಒಂದು ಹನಿ ಬಿಟ್ಟು, ಕೀಲಿ ಕೊಟ್ಟಂತೆ ತಿರುಗಿಸಿದರು. ಮಗಳ ಮೂಗು ಕೆಂಪಗೆ ಊದಿ ಕೀವಾಯಿತು.

ಮಹಡಿ ಮನೆಯ ನರ್ಸಕ್ಕ ನೋಡಿ ಹಣೆ ಚಚ್ಚಿಕೊಂಡರು.

"ಮಾವ, ಇದು ಮೂಗೋ, ಗಡಿಯಾರವೋ?"

"ಎಣ್ಣೆ ಬಿಡದೆ, ತಿರುಗಿಸದೆ ಇದ್ರೆ ಹಿಡ್ಕೊಂಬಿಡಲ್ವೇನಮ್ಮಾ?"

"ನೀವು ತಿರುಗಿಸಿದಾಗೆಲ್ಲ ಒಳಗೆ ಹುಟ್ಟಿದ ಹೊಸ ಚರ್ಮ ಹರಿದುಹೋಗುತ್ತೆ. ಸ್ಪಿರಿಟ್ಟು ಅದನ್ನ ಸುಡುತ್ತೆ, ಎಣ್ಣೆಗೆ ಕೊಳೆ ಅಂಟುತ್ತೆ. ಇನ್ನು ಈ ವಾಚಿನ ಲೋಹದಲ್ಲಿ ನಿಕಲ್ ಇರಬಹುದು. ಎಷ್ಟೋ ಜನರ ಮೈಗೆ ಅದು ಆಗಿಬರಲ್ಲ."

"ಹಾಗಾದ್ರೆ ಈಗಲೇ ಕಿತ್ತು ಬಿಸಾಕ್ತೀನಿ."

"ಅಯ್ಯೋ, ಕೈ ಹಾಕ್ಬೇಡಿ! ತೂತು ಮುಚ್ಕೊಂಡ್ರೆ ಕೀವು ಒಳಗೇ ಉಳೀಬಹುದು. ಮೊದಲು ಡಾಕ್ಟರ ಹತ್ರ ನಡೀರಿ."

"ತೂತು ಮುಚ್ಚಿಹೋದ್ರೆ ಅಮ್ಮನ ಬೊಟ್ಟು?" ಎಂದು ಮಗಳು ಅತ್ತೇಬಿಟ್ಟಳು. ಮಾವನ ಮುಖ ಪೆಚ್ಚಾಯಿತು.

ಡಾಕ್ಟರು ಔಷಧಿ ಕೊಟ್ಟು, ಮತ್ತೆ ಟೈಟಾನಿಯಂ ಬೊಟ್ಟನ್ನೇ ಹಾಕಿಸಿದರು. ಆಮೇಲಿನ ಆರೈಕೆಯನ್ನು ನರ್ಸಕ್ಕ ಹೇಳಿಕೊಟ್ಟರು. ಸೋಪಿನಲ್ಲಿ ಕೈ ತೊಳೆದು, ಬೆಳಿಗ್ಗೆ ಸಂಜೆ ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ಎಂಬ ಶುದ್ಧ ಉಪ್ಪುನೀರಿನಿಂದ ಗಾಯವನ್ನು ಒದ್ದೆ ಮಾಡಿ, ಮೆತ್ತಗೆ ಒತ್ತಿ ಒಣಗಿಸಬೇಕು.

"ಇಷ್ಟೇನಾ? ನಾನೇನೂ ಮಾಡೋದು ಬೇಡ್ವಾ?"

"ಸುಮ್ನಿರೋದೇ ನಿಮ್ಮ ಕೆಲಸ ಮಾವ. ಕೈ ಸುಮ್ನಿರಲ್ಲ ಅಂದ್ರೆ ಅಂಗಡೀಲಿ ಗಡಿಯಾರಗಳಿಗೇನು ಬರವಾ?"

ಊತ ಇಳಿದ ಒಂದು ಬೆಳಿಗ್ಗೆ ಮಾವ ಮಗಳನ್ನು ಕಿಟಕಿಯ ಬೆಳಕಿಗೆ ಕೂರಿಸಿದರು. "ಮುಟ್ಟಲ್ಲ, ಬರೀ ನೋಡ್ತೀನಿ" ಎಂದು ಭೂತಗನ್ನಡಿ ಸಿಕ್ಕಿಸಿಕೊಂಡರು. ಹಸಿ ಮಾಂಸ ಕಾಣುತ್ತಿದ್ದ ಜಾಗದಲ್ಲಿ, ಬೊಟ್ಟಿನ ಸುತ್ತ, ಕೆನೆಯಷ್ಟು ತೆಳುವಾದ ಗುಲಾಬಿ ಚರ್ಮ ಬಂದಿತ್ತು. ಅವಳು ಉಸಿರಾಡಿದಾಗಲೆಲ್ಲ ಅದು ಮೆಲ್ಲಗೆ ಮಿನುಗುತ್ತಿತ್ತು. ಹೊಲಿಗೆಯಿಲ್ಲ, ಬೆಸುಗೆಯಿಲ್ಲ.

"ಜೀವಮಾನವೆಲ್ಲ ರಿಪೇರಿ ಮಾಡಿದೀನಮ್ಮಾ" ಎಂದರು ಮಾವ. "ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ಳೋದನ್ನ ಇವತ್ತೇ ನೋಡಿದ್ದು."

ಅವತ್ತಿನಿಂದ ಅವರು ಆ ಮೂಗಿನ ಕಾವಲುಗಾರ. ಅವಳು ಟವೆಲ್ಲಿನಲ್ಲಿ ಮುಖ ಉಜ್ಜಿದರೆ "ಮೆತ್ತಗೆ, ಸಿಕ್ಕಿಕೊಂಡೀತು!" ಎಂದು ಒಳಗಿಂದಲೇ ಕೂಗುತ್ತಿದ್ದರು.

ತಿಂಗಳುಗಳು ಕಳೆದು ಗಾಯ ಪೂರ್ತಿ ಮಾಗಿತು. ಅಮ್ಮನ ಬೊಟ್ಟು ಅಪ್ಪಟ ಚಿನ್ನದ್ದೇ, ಕಡ್ಡಿ ನುಣುಪಾಗಿದೆ, ದಪ್ಪವೂ ಸರಿಹೊಂದುತ್ತದೆ ಎಂದು ಚುಚ್ಚಿದವರೇ ನೋಡಿ ಹೇಳಿದರು.

"ನೀನೇ ಹಾಕಪ್ಪ" ಎಂದಳು ಮಗಳು.

ಮಾವ ಬೊಟ್ಟನ್ನೂ ಕೈಯನ್ನೂ ತೊಳೆದು ಬಂದರು. ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಯಷ್ಟು ಸ್ಕ್ರೂ ಹಿಡಿಯುವ ಬೆರಳುಗಳಲ್ಲೇ ಕಡ್ಡಿಯನ್ನು ಮೆಲ್ಲಗೆ ಒಳಗೆ ಜಾರಿಸಿದರು.

"ನೋವಾಯ್ತೇನಮ್ಮಾ?"

"ಹಾಕಿಬಿಟ್ಯಾ ಆಗಲೇ?"

ಕೆಂಪು ಕಲ್ಲು ಮತ್ತೆ ಆ ಮನೆಯಲ್ಲಿ ಹೊಳೆಯಿತು. ಮಾವ ಭೂತಗನ್ನಡಿ ತೆಗೆದು ಕಣ್ಣೊರೆಸಿಕೊಂಡರು.

ಅಕ್ಕಂದಿರೇ, ತಂಗಿಯರೇ, ಕೈ ಸುಮ್ಮನಿರದ ಅಪ್ಪಂದಿರೇ! ಹೊಸ ಗಾಯಕ್ಕೆ ಹೊಳಪು ನೋಡಿ ಬೊಟ್ಟು ಆರಿಸಬೇಡಿ. ಟೈಟಾನಿಯಂ ಅಥವಾ ನಿಕಲ್ ಇಲ್ಲದ ಅಪ್ಪಟ ಚಿನ್ನವಿರಲಿ, ಊತಕ್ಕೆ ಜಾಗ ಬಿಡುವಷ್ಟು ಸಡಿಲವಿರಲಿ, ಮೇಲೆ ಬರೀ ಚಿನ್ನದ ಲೇಪ ಕೊಟ್ಟದ್ದು ಬೇಡ. ಕೀವು, ಜ್ವರ, ಹರಡುವ ಕೆಂಪು ಕಂಡರೆ ಡಾಕ್ಟರ ಬಳಿ ಹೋಗಿ. ಉಳಿದಂತೆ ಮುಟ್ಟಬೇಡಿ, ತಿರುಗಿಸಬೇಡಿ, ಅವಸರ ಮಾಡಬೇಡಿ. ಮೈಗೆ ತನ್ನ ಕೆಲಸ ಗೊತ್ತಿದೆ, ಮಾಡಲು ಬಿಡಿ.