ಪಾದ್ರಿ ಟ್ರೆಂಟ್ ನುಂಗಿದ ಮಾತು

ರೆವರೆಂಡ್ ಜೋಸೈಯಾ ಟ್ರೆಂಟ್ ಸತ್ತು ನೂರೈವತ್ತು ವರ್ಷಗಳ ಮೇಲಾಗಿದ್ದರೂ ಗ್ಲ್ಯಾಡಿಸ್‌ಗೆ ಅವನ ಮೇಲೆ ಸಿಟ್ಟಿತ್ತು.

ಶಂಕರಪುರದ ಮಲ್ಲಿಗೆ ಬೆಳೆಯುವ ಮನೆಯ ಮಗಳು ಅವಳು. ಉಡುಪಿಯ ಕಾಲೇಜೊಂದರಲ್ಲಿ ಇತಿಹಾಸದ ತಾತ್ಕಾಲಿಕ ಉಪನ್ಯಾಸಕಿ. ಪಿಎಚ್.ಡಿ.ಗೆ ಆರಿಸಿಕೊಂಡದ್ದು ಟ್ರೆಂಟ್‌ನ ಬದುಕು. ರಜೆ ಸಿಕ್ಕಾಗಲೆಲ್ಲ ಮದರಾಸಿಗೆ ಹೋಗಿ ಹಳೆಯ ಕಡತಗಳ ಧೂಳು ಕುಡಿದು ಅವನನ್ನು ಹೊರಗೆಳೆದಿದ್ದಳು.

ಟ್ರೆಂಟ್ ಇಂಗ್ಲೆಂಡಿನ ಬಡ ನೇಕಾರನ ಮಗ. ಆಂಗ್ಲಿಕನ್ ಪಾದ್ರಿಯಾಗಿ ಕಂಪೆನಿಯ ಸೈನ್ಯದ ಜೊತೆ ಈ ಕರಾವಳಿಗೆ ಬಂದಿಳಿದ. ಶರಣಾಗಿದ್ದ ಕೋಟೆಯೊಂದರಲ್ಲಿ ಸೈನಿಕರು ಹೆಂಗಸರು ಮಕ್ಕಳೆನ್ನದೆ ಕಡಿದು ಹಾಕಿದ್ದನ್ನು ಕಣ್ಣಾರೆ ಕಂಡ. ಆ ಭಾನುವಾರ ಸೇನಾಪತಿಯ ಎದುರೇ ನಿಂತು, "ಇದು ಯುದ್ಧವಲ್ಲ, ಕೊಲೆ" ಎಂದು ಪ್ರಸಂಗ ಮಾಡಿದ. ಆದರೆ ಬೊಂಬಾಯಿಯಲ್ಲಿ ವಿಚಾರಣೆ ಶುರುವಾಗುವಷ್ಟರಲ್ಲಿ ಸೇನಾಪತಿಯ ಬಂಧುವೊಬ್ಬ ಇಂಗ್ಲೆಂಡಿನಲ್ಲಿ ಒಳ್ಳೆಯ ಆದಾಯದ ಚರ್ಚೊಂದರ ಆಸೆ ತೋರಿಸಿದ. ಟ್ರೆಂಟ್, "ನಾನೇನೂ ನೋಡಲಿಲ್ಲ" ಎಂದು ಹೇಳಿ ಹಡಗು ಹತ್ತಿದ. ಆಮೇಲೆ ಮೂವತ್ತು ವರ್ಷ ಗುಲಾಬಿ ಬೆಳೆಸಿ, ಹೊಟ್ಟೆ ಬೆಳೆಸಿ, ಸುಖವಾಗಿ ಸತ್ತ.

೧೯೮೩ರಲ್ಲಿ ಮಣಿಪಾಲದಲ್ಲಿ ಎರಡು ದಿನದ ವಿಚಾರ ಸಂಕಿರಣ ನಡೆಯಿತು. ಅವಳ ಮಾರ್ಗದರ್ಶಕ ಪ್ರೊಫೆಸರ್ ಫೌಸ್ಟಿನ್ ಮೊದಲ ದಿನ ಪ್ರಬಂಧ ಓದಿದರು. ಗ್ಲ್ಯಾಡಿಸ್ ಸಭೆಯಲ್ಲೇ ಕೂತಿದ್ದಳು. "ಗುಲಾಬಿ ಬೆಳೆಸಿ, ಹೊಟ್ಟೆ ಬೆಳೆಸಿ" ಎಂದಾಗ ಜನ ನಕ್ಕರು. ಅದು ಅವಳದೇ ವಾಕ್ಯ. ಹಿಂದಿನದೂ ಅವಳದು, ಮುಂದಿನದೂ ಅವಳದು. ಕೊನೆಯವರೆಗೂ ಅವಳ ಹೆಸರು ಬರಲಿಲ್ಲ.

ಚಹಾದ ಹೊತ್ತಿಗೆ ಅವರನ್ನು ತಡೆದು ನಿಲ್ಲಿಸಿದಳು. "ಸರ್, ಅದು ನನ್ನ ಮೂರನೇ ಅಧ್ಯಾಯ."

"ಅದಕ್ಕೆ ಎಂತ ಈಗ? ಶಿಷ್ಯರದ್ದು ಗುರುವಿನದ್ದೂ ಹೌದಲ್ವಾ?" ಫೌಸ್ಟಿನ್ ದನಿ ತಗ್ಗಿಸಿದರು. "ಜೂನ್‌ನಲ್ಲಿ ಪರ್ಮನೆಂಟ್ ಪೋಸ್ಟ್ ಉಂಟು. ಸೆಲೆಕ್ಷನ್ ಕಮಿಟಿಯಲ್ಲಿ ನಾನಿದ್ದೇನೆ. ಸ್ವಲ್ಪ ತಾಳ್ಮೆ ಬೇಕು ಮಾರಾಯ್ತಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಮೇಲೂ ಸಿಟ್ಟು ಬಂತು. ಆ ಕೆಲಸ ಅವಳಿಗೆ ಬೇಕಿತ್ತು.

ಸಂಜೆ ಮನೆಯಲ್ಲಿ ತಾಯಿ ಮ್ಯಾಗ್ಡಲಿನ್ ಮಲ್ಲಿಗೆ ಕಟ್ಟುತ್ತಲೇ ಎಲ್ಲವನ್ನೂ ಕೇಳಿಸಿಕೊಂಡರು. "ಈಗ ಸುಮ್ಮನಿರು ಬಾಯೆ. ಕೆಲಸ ಸಿಕ್ಕಿದ ಮೇಲೆ ಹೇಳಿದರಾಯಿತು."

"ಸಿಕ್ಕಿದ ಮೇಲೆ ಯಾರೂ ಹೇಳುವುದಿಲ್ಲ ಮಾಯ್."

ಮ್ಯಾಗ್ಡಲಿನ್ ಕಟ್ಟುತ್ತಿದ್ದ ಹೂ ಮುಗಿದ ಮೇಲೆ ಹೇಳಿದರು, "ಹಾಗಾದರೆ ನಾಳೆ ಒಳ್ಳೆಯ ಸೀರೆ ಉಟ್ಟುಕೊಂಡು ಹೋಗು. ಹಳೆ ಸೀರೆಯವಳ ಮಾತಿಗೆ ಯಾರೂ ಕಿವಿ ಕೊಡುವುದಿಲ್ಲ."

ಮರುದಿನ ಸಮಾರೋಪದಲ್ಲಿ, ಯಾರಿಗಾದರೂ ಮಾತಾಡಲಿಕ್ಕೆ ಉಂಟಾ ಎಂದು ಅಧ್ಯಕ್ಷರು ಕೇಳಿದರು. ಗ್ಲ್ಯಾಡಿಸ್ ಎದ್ದು ನಿಂತಳು. "ನಿನ್ನೆ ಪ್ರೊಫೆಸರ್ ಫೌಸ್ಟಿನ್ ಓದಿದ್ದು ನಾನು ಬರೆದದ್ದು. ಸುಮ್ಮನಿದ್ದರೆ ಕೆಲಸ ಸಿಗುತ್ತದೆ ಎಂಬ ಹಾಗೆ ಮಾತಾಡಿದ್ದಾರೆ. ನನಗೆ ಆ ಕೆಲಸ ಬೇಡ."

ಫೌಸ್ಟಿನ್ ಅಧ್ಯಕ್ಷರ ಕಡೆ ಬಾಗಿ ನಕ್ಕರು. "ತುಂಬ ಓದಿ ದಣಿದಿದ್ದಾಳೆ, ಪಾಪ."

"ನನಗೆ ಪಾಪ ಎನ್ನಬೇಡಿ ಸರ್," ಎಂದಳು ಗ್ಲ್ಯಾಡಿಸ್. "ನಿಮಗೆ ಏನನ್ನಬೇಕೆಂದು ನನಗೂ ಗೊತ್ತುಂಟು."

ನಿನ್ನೆ ನಕ್ಕವರೆಲ್ಲ ತಮ್ಮ ತಮ್ಮ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ವಂದನಾರ್ಪಣೆಗೆ ಕರೆದರು.

ಜೂನ್‌ನಲ್ಲಿ ಅವಳನ್ನು ಸಂದರ್ಶನಕ್ಕೂ ಕರೆಯಲಿಲ್ಲ. ಬೇರೆ ಮಾರ್ಗದರ್ಶಕರು ಯಾರೂ ಒಪ್ಪಲಿಲ್ಲ. ಕಾರ್ಕಳದ ಹೈಸ್ಕೂಲೊಂದರಲ್ಲಿ ಟೀಚರ್ ಆದಳು. ಟ್ರೆಂಟ್ ಬಗ್ಗೆ ಫೌಸ್ಟಿನ್‌ರ ಪುಸ್ತಕ ಬಂತು, ಸನ್ಮಾನವೂ ಆಯಿತು.

ಕೆಲವು ವರ್ಷಗಳ ನಂತರ ಉಡುಪಿ ಬಸ್‌ ಸ್ಟ್ಯಾಂಡಿನಲ್ಲಿ ಫೌಸ್ಟಿನ್ ಎದುರಾದರು. ನಿವೃತ್ತರಾಗಿದ್ದರು, ಕೈಯಲ್ಲಿ ಕೋಲಿತ್ತು. "ಗ್ಲ್ಯಾಡಿಸ್, ಆ ದಿನ ನೀನು ದುಡುಕಿದೆ. ನಾನು ಅದನ್ನೆಲ್ಲ ಮರೆತಿದ್ದೇನೆ," ಎಂದರು, ದೊಡ್ಡ ಮನಸ್ಸಿನವರಂತೆ.

"ನೀವು ಮರೆಯಬಹುದು ಸರ್. ಕಳೆದುಕೊಂಡದ್ದು ನಾನು."

ಅವರು ಇನ್ನೇನೋ ಹೇಳುತ್ತಿರುವಾಗಲೇ ಅವಳು ಕಾರ್ಕಳದ ಬಸ್ ಹತ್ತಿದಳು. ಸಿಟ್ಟಿನಲ್ಲಿ ಕಿವಿ ಕೆಂಪಾಗಿತ್ತು. ಎಲ್ಲಿಗೆಂದು ಕಂಡಕ್ಟರ್ ಎರಡು ಸಲ ಕೇಳಬೇಕಾಯಿತು.