ಸಕ್ಕರೆ ಕಾಳಿಗಿಂತ ಚಿಕ್ಕದು

ಟೈಲರಮ್ಮ ಹುಕ್ಕಿನ ಡಬ್ಬಿಯ ಮುಚ್ಚಳ ತೆಗೆದು ಹೆಮ್ಮೆಯಿಂದಲೇ ಮುಂದಕ್ಕೆ ತಳ್ಳಿದಳು. ಮೊಬೈಲ್ ರಿಪೇರಿ ಅಂಗಡಿಯವಳು ಬಗ್ಗಿ ನೋಡಿದವಳು ತಲೆ ಎತ್ತಲೇ ಇಲ್ಲ. ಭುಜಗಳು ಮಾತ್ರ ಕುಲುಕತೊಡಗಿದವು. ನಗುತ್ತಿದ್ದಳು.

"ಯಾಕೆ, ಏನಾಯ್ತು?"

"ಅಕ್ಕಾ, ಇಷ್ಟು ಅಚ್ಚುಕಟ್ಟಾಗಿ ಹಾಳು ಮಾಡಿದೋರನ್ನ ನಾನು ನೋಡೇ ಇಲ್ಲ."

ಡಬ್ಬಿಯ ಒಂದೊಂದು ಮನೆಯಲ್ಲೂ ಸಕ್ಕರೆ ಕಾಳಿಗಿಂತ ಚಿಕ್ಕ ಚೂರುಗಳಿದ್ದವು. ಕಂದು ಬಣ್ಣದವು ಒಂದು ಕಡೆ, ಕಪ್ಪು ಇನ್ನೊಂದು ಕಡೆ, ತುಸು ದಪ್ಪಗಿರುವವು ಕೊನೆಯ ಮನೆಯಲ್ಲಿ. ಹಳೆಯ ಬಟ್ಟೆ ಬಿಚ್ಚಿದಾಗಲೆಲ್ಲ ಹುಕ್ಕು ಹುಕ್ಕಿನ ಜತೆ, ಗುಂಡಿ ಗುಂಡಿಯ ಜತೆ ವಿಂಗಡಿಸಿಡುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸು. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನ ಒಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ನೀರು ತಾಗಿ ಹಸಿರುಗಟ್ಟಿದ್ದ ಮೂಲೆಯನ್ನೂ ಅವಳು ಹಾಗೆಯೇ ಬಿಚ್ಚಿದ್ದಳು. ಒಂದೊಂದನ್ನೂ ಕಾಯಿಸಿ ಎತ್ತಿ, ಒರೆಸಿ, ಬಣ್ಣ ನೋಡಿ, ಗಾತ್ರ ನೋಡಿ ಇಟ್ಟಿದ್ದಳು.

"ಇವುಗಳ ಮೈಮೇಲೆ ಹೆಸರಿಲ್ಲ, ನಂಬರಿಲ್ಲ," ಎಂದಳು ಅಂಗಡಿಯವಳು, ಕಣ್ಣೊರೆಸಿಕೊಳ್ಳುತ್ತ. "ನೋಡೋಕೆ ಎಲ್ಲಾ ಒಂದೇ ಥರ, ಮಾಡೋ ಕೆಲಸ ಬೇರೆ ಬೇರೆ. ಎಲ್ಲಿ ಕೂತಿತ್ತು ಅನ್ನೋದೇ ಅದರ ಗುರುತು. ಈಗ ಯಾವುದು ಎಲ್ಲಿಯದು?"

ಟೈಲರಮ್ಮನ ಮುಖ ಸಪ್ಪಗಾಯಿತು. ಮೊದಲು ಬಂದಾಗಲೇ ಈ ಹೆಂಗಸು, ಇದು ಪುರುಸೊತ್ತಿನ ಕೆಲಸ, ಹೊಸದು ತಗೊಳ್ಳಿ ಎಂದಿದ್ದಳು. ಹೊಸದು ತಂದರೆ ಅವಳ ಗಂಡ ಮುಟ್ಟುವುದಿಲ್ಲ. ಅವನು ಬಸ್ಸಿನ ಕಂಡಕ್ಟರಾಗಿದ್ದವನು, ಹಟವೆಂದರೆ ಹಟ. ಲಕ್ವ ಹೊಡೆದು ಎಡಗೈ ಬಿದ್ದುಹೋದ ಮೇಲೆ ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಕೆಳಗೆ ಉರುಳಿಸಿಬಿಟ್ಟಿದ್ದ. ಆ ಕೈಗೆ ಅವಳು ಬಿಸಿನೀರಿನ ಬಾಟಲಿ ಒತ್ತಿ, ತಣ್ಣೀರಿನದು ಒತ್ತಿ, ಯಾವುದು ಯಾವುದು ಹೇಳಿ ಎಂದರೆ, "ಗೊತ್ತಾಗಲ್ಲ ಹೋಗೇ" ಎಂದು ಗೋಡೆಯ ಕಡೆ ತಿರುಗುತ್ತಿದ್ದ. ಆದರೆ ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋಗಿದ್ದ ಈ ಪುಟ್ಟ ಗೇಮಿನಲ್ಲಿ ಕಾರು ಓಡಿಸುವ ಹುಚ್ಚು ಅವನಿಗೆ ಹಿಡಿಯಿತು. ಕಾರು ತಿರುಗಿಸುವ ಗುಂಡಿ ಎಡಗಡೆಗಿತ್ತು. ಮೊದಮೊದಲು ಕಾರು ನೇರ ಹೋಗಿ ಗೋಡೆಗೆ ಗುದ್ದುತ್ತಿತ್ತು. ಬರಬರುತ್ತ ಅದು ತಿರುಗತೊಡಗಿತು. ಅಂದರೆ ಎಡಗೈಯ ಹೆಬ್ಬೆರಳು ಅಲುಗಾಡುತ್ತಿತ್ತು. ಅದನ್ನು ನೋಡಿ ಅವಳು ಅಡುಗೆಮನೆಗೆ ಹೋಗಿ ಅತ್ತಿದ್ದಳು. ಆಮೇಲೊಂದು ದಿನ ಅದೇ ಕೈ ತಗಲಿ ನೀರಿನ ಲೋಟ ಉರುಳಿತು, ಗೇಮು ಸತ್ತಿತು, ಕೈ ಮತ್ತೆ ಮಡಿಲಲ್ಲಿ ಮಲಗಿತು.

ಇದೆಲ್ಲ ಕೇಳಿದ ಮೇಲೆ ಅಂಗಡಿಯವಳು ನಗಲಿಲ್ಲ. ಡ್ರಾಯರಿನಿಂದ ಅದೇ ಜಾತಿಯ ಇನ್ನೊಂದು ಬೋರ್ಡು ತೆಗೆದಳು. "ಇದರ ಮೆದುಳೇ ಸುಟ್ಟುಹೋಗಿದೆ. ಆದ್ರೆ ನಿಮಗೆ ಬೇಕಾದ ಮೂಲೆ ಚೆನ್ನಾಗಿದೆ. ಇಲ್ಲಿಂದ ಒಂದು ಎತ್ತಿ, ನಿಮ್ಮದರಲ್ಲಿ ಅದೇ ಜಾಗಕ್ಕೆ ಇಡಿ. ಆಮೇಲೆ ಇನ್ನೊಂದು. ಡಬ್ಬಿ ಮನೇಲೇ ಇರ್ಲಿ."

ಇಡುವುದೇನು ಸುಲಭವೇ? ಭೂತಗನ್ನಡಿಯ ಕೆಳಗೆ ತನ್ನದೇ ಕೈ ಬೇರೆಯವರದೆಂಬಂತೆ ಕಂಡಿತು. ಚಿಮಟ ಒತ್ತಿದರೆ ಚೂರು ಚಂಗನೆ ಹಾರಿ ಎಲ್ಲೋ ಮಾಯ. ಸಿಕ್ಕಿದರೆ ಬೆಸುಗೆ ಹಾಕುವ ಕಾದ ಕಡ್ಡಿಯ, ಕಾವಿಯ, ತುದಿಗೇ ಅಂಟಿಕೊಂಡು ಮೇಲೆ ಬರುವುದು. ಎರಡು ತುದಿಯೂ ಕೂರಬೇಕಾದದ್ದು ಒಂದೇ ಕಾಲಿನ ಮೇಲೆ ನೆಟ್ಟಗೆ ಎದ್ದು ನಿಂತು ಅಣಕಿಸುವುದು. ಜೀವಮಾನವೆಲ್ಲ ಸೂಜಿಗೆ ದಾರ ಪೋಣಿಸಿದವಳಿಗೆ ಸಿಟ್ಟು ನೆತ್ತಿಗೇರಿತು. ಚಿಮಟದಿಂದ ಅದುಮಿ ಹಿಡಿದಳು.

"ಒತ್ತಬೇಡಿ ಅಕ್ಕಾ. ಸ್ವಲ್ಪ ಅಂಟು ಹಚ್ಚಿ, ಕಾಯಿಸಿ, ಸುಮ್ನೆ ಬಿಡಿ. ಏನ್ಮಾಡತ್ತೆ ನೋಡಿ."

ಅವಳು ಜೇನಿನಂಥ ಅಂಟು ಸವರಿ, ಕಾವಿ ತಗಲಿಸಿ, ಚಿಮಟ ಸಡಿಲಿಸಿದಳು. ಬೆಸುಗೆಯ ಸೀಸ ಕರಗಿ ಮಿನುಗಿತು. ಸೊಟ್ಟಗಿದ್ದ ಚೂರು ಮೆಲ್ಲಗೆ ತೇಲಿ, ತಾನಾಗಿಯೇ ತಿರುಗಿ, ತನ್ನ ಜಾಗದಲ್ಲಿ ನೆಟ್ಟಗೆ ಕುಳಿತಿತು.

"ಅಯ್ಯೋ! ಯಾರು ಎಳೆದಿದ್ದು ಅದನ್ನ?"

"ಸೀಸಾನೇ ಎಳ್ಕೊಳ್ಳತ್ತೆ."

"ಇನ್ನೊಂದ್ಸಲ ನೋಡ್ಲಾ?" ಎಂದು, ಸರಿಯಾಗಿ ಕೂತದ್ದನ್ನೇ ಬೇಕೆಂದು ಸೊಟ್ಟಗೆ ಮಾಡಿ ಮತ್ತೆ ಕಾಯಿಸಿದಳು. ಮತ್ತೆ ತೇಲಿತು, ಮತ್ತೆ ಕುಳಿತಿತು. ಹೊಲಿಗೆಗೆ ಬಂದ ಬಟ್ಟೆಗಳು ಮನೆಯಲ್ಲಿ ಕಾಯುತ್ತಿದ್ದದ್ದು ಅವಳಿಗೆ ಮರೆತೇಹೋಯಿತು.

ಕೈ ಕುದುರಿದ ಮೇಲೆ ಉಳಿದದ್ದನ್ನು ಮನೆಯಲ್ಲೇ ಮುಗಿಸುತ್ತೇನೆಂದು ಭೂತಗನ್ನಡಿಯನ್ನೂ ಕೇಳಿ ತಂದಳು. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಪಕ್ಕದ ಮೇಜಿನ ಮೇಲೆ ಎರಡೂ ಬೋರ್ಡು ಹರಡಿದಳು. ತಮ್ಮ ಬೋರ್ಡು ಜಾರದಂತೆ ಅಂಚಿಗೆ ಬಟ್ಟೆ ಕತ್ತರಿಯನ್ನು ಭಾರವಾಗಿ ಹೇರಿದಳು. ಎದುರಿಗೆ ಗಾಲಿಕುರ್ಚಿಯಲ್ಲಿ ಗಂಡ ಮುಖ ಊದಿಸಿಕೊಂಡು ಕುಳಿತಿದ್ದ.

"ಸತ್ತಿದ್ದನ್ನ ಎಷ್ಟು ಚುಚ್ತೀಯೇ? ಬಿಟ್ಟಾಕು."

"ಟಾರ್ಚ್ ಹಿಡೀರಿ ಸ್ವಲ್ಪ. ಬಾಯಿ ಮುಚ್ಕೊಂಡು ಹಿಡೀಬಹುದು, ಅದಕ್ಕೇನೂ ಅಡ್ಡಿಯಿಲ್ಲ."

ಬಲಗೈಯಲ್ಲಿ ಟಾರ್ಚು ಹಿಡಿದು ಅವನು ಒಲ್ಲದ ಮನಸ್ಸಿನಿಂದ ಬಗ್ಗಿದ. ಭೂತಗನ್ನಡಿಯೊಳಗೆ ನೋಡಿದವನು ಮುಖವನ್ನು ಇನ್ನಷ್ಟು ಹತ್ತಿರ ತಂದ.

"ಇದೇನೇ, ಒಂದು ಊರೇ ಇದೆಯಲ್ಲ ಇಲ್ಲಿ! ರಸ್ತೆ, ಸರ್ಕಲ್ಲು... ಇವನ್ನ ಎಲ್ಲಿ ಇಳಿಸ್ತಿದ್ದೀಯ?"

"ಅವರವರ ಸ್ಟಾಪಲ್ಲಿ. ನಿಮ್ಮ ಹಾಗೆ ಮುಂದಿನ ಸ್ಟಾಪಿಗೆ ಎತ್ಕೊಂಡು ಹೋಗಲ್ಲ."

"ಒಂದ್ಸಲ ಆಗಿದ್ದಕ್ಕೆ ಎಷ್ಟು ವರ್ಷ ಅಂತೀಯೇ," ಎಂದ. ಆದರೆ ನಗು ಬಂದಿತ್ತು. ಬಹಳ ದಿನದ ಮೇಲೆ ಬಂದದ್ದರಿಂದ ಅವಳಿಗೂ ಹಗುರೆನಿಸಿತು.

ಒಂದು ಎತ್ತಿದಳು, ಇಟ್ಟಳು. ಇನ್ನೊಂದು. ಬಲಗೈಯಲ್ಲಿ ಕಾವಿ, ಎಡಗೈಯಲ್ಲಿ ಚಿಮಟ, ಉಸಿರು ಬಿಗಿ. ನಡುವೆ ಬೋರ್ಡು ಸರ್ರನೆ ಜಾರಿ ಚೂರು ಪಕ್ಕಕ್ಕೆ ಹೋಯಿತು. "ಥೂ, ಅಲ್ಲಾಡ್ತಿದೆ," ಎಂದು ಗೊಣಗಿದಳು. ಮತ್ತೆ ಹಚ್ಚಿದಳು, ಮತ್ತೆ ಕಾಯಿಸಿದಳು. ಈ ಸಲ ಜಾರಲಿಲ್ಲ. ಯಾಕೆಂದು ನೋಡಲು ಅವಳಿಗೆ ವ್ಯವಧಾನವಿರಲಿಲ್ಲ. ಕೊನೆಯದು ಎಲ್ಲಕ್ಕಿಂತ ಚಿಕ್ಕದು, ಅಂಚಿನ ಹತ್ತಿರದ್ದು, ಸೀಸ ಬೇಗ ಕರಗಲೊಲ್ಲದು. ಕಾವಿಯನ್ನು ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಬೇಕಾಯಿತು.

"ಬೇಗ ಮುಗ್ಸೇ, ಬಿಸಿ ತಗಲ್ತಿದೆ."

"ಇನ್ನೊಂಚೂರು, ತಡ್ಕೊಳ್ಳಿ."

ಸೀಸ ಮಿನುಗಿತು. ಚೂರು ತೇಲಿ, ತಿರುಗಿ, ಕುಳಿತಿತು. ಕಾವಿಯನ್ನು ಅದರ ಸ್ಟ್ಯಾಂಡಿಗೆ ಇಟ್ಟು ಬೆನ್ನು ನೆಟ್ಟಗೆ ಮಾಡಿದಳು. ಆಗ, ತಡವಾಗಿ, ಅವನಂದದ್ದು ಅವಳ ತಲೆಗೆ ಹೋಯಿತು.

ಟಾರ್ಚು ಹಿಡಿದ ಬಲಗೈ ಮೇಲೆ ಗಾಳಿಯಲ್ಲಿತ್ತು. ಕತ್ತರಿ ಯಾವಾಗಲೋ ಜಾರಿ ಮೇಜಿನ ಅಂಚಿಗೆ ಹೋಗಿ ಬಿದ್ದಿತ್ತು.

"ಯಾವ ಕೈಗ್ರೀ?" ಎಂದಳು.

ಟಾರ್ಚಿನ ಬೆಳಕು ಮೆಲ್ಲಗೆ ಬೋರ್ಡಿನ ನಡುವಿನಿಂದ ಮೂಲೆಗೆ ಸರಿಯಿತು. ಅಲ್ಲಿ ಅವನ ಎಡಗೈಯ ಹೆಬ್ಬೆರಳು ಬೋರ್ಡನ್ನು ಒತ್ತಿ ಹಿಡಿದಿತ್ತು, ಉಗುರು ಬೆಳ್ಳಗಾಗುವಷ್ಟು. ಗೇಮು ಶುರುವಾಗುತ್ತದೋ ಇಲ್ಲವೋ ನೋಡೋಣವೆಂದು ಇಬ್ಬರೂ ಅನ್ನಲಿಲ್ಲ. ಬಿಸಿ ಆರಿದ ಮೇಲೂ ಅವನು ಬೆರಳು ತೆಗೆಯಲಿಲ್ಲ.