ಚನಿಯನ ಬಲಗೈ

"ಬಲ ಹಾಕಿ ಎಳಿಯೋ ಕೌಂಟಿ, ಬೇವರ್ಸಿ. ಇಂಗ್ಲೆಂಡಲ್ಲಿ ಎಂತ ಬರೀ ಗಂಜಿ ಕುಡಿದು ಬಂದದ್ದಾ?"

ಪ್ರೇಮನಾಥ ಕುರ್ಚಿಯಿಂದ ಏಳದೆಯೇ ಕೂಗಿದ. ಅವನು ಕಂಪೆನಿಯ ಸೂಪರ್‌ವೈಸರ್; ಕಂಪೆನಿಯ ಕ್ರಿಕೆಟ್ ತಂಡಕ್ಕೂ ಅವನೇ ಯಜಮಾನ. ಚನಿಯ ಬಹ್ರೇನಿನ ಜಿಂಜ್ ಬಡಾವಣೆಯ ಆಚೆಗಿನ ಮರಳು ಬಯಲಿನಲ್ಲಿ, ನೀರು ಚಿಮುಕಿಸಿದ ನೆಲದ ಮೇಲೆ ಎಡಗೈಯಿಂದ ರೋಲರ್ ಎಳೆಯುತ್ತಲೇ ಇದ್ದ. ಬಲಗೈ ಮೇಲೇಳುವುದನ್ನು ಬಿಟ್ಟು ವರ್ಷವಾಗಿತ್ತು.

ಒಂದು ಕಾಲಕ್ಕೆ ಇದೇ ಬಯಲಿನಲ್ಲಿ ಅವನು ಚೆಂಡು ಹಿಡಿದು ಓಡಿಬಂದರೆ ಬ್ಯಾಟು ಹಿಡಿದವರ ಎದೆ ನಡುಗುತ್ತಿತ್ತು. ಸಿಮೆಂಟು ಚೀಲ ಹೊತ್ತು ಗಟ್ಟಿಯಾದ ಮೈ. ಬುಟ್ಟಿ ಹೆಣೆಯುವವರ ಮಗನೆಂದು ಊರಿನ ಶಾಲೆಯಲ್ಲಿ ಅವನನ್ನು ಯಾರೂ ಆಟಕ್ಕೆ ಸೇರಿಸಿಕೊಂಡಿರಲಿಲ್ಲ. ಇಲ್ಲಿ ಆಳು ಕಡಿಮೆ ಬಿದ್ದ ಒಂದು ಶುಕ್ರವಾರ ಚೆಂಡು ಕೈಗೆ ಬಂತು. ಚಳಿಗಾಲದಲ್ಲಿ ಆಡಲು ಬಂದಿದ್ದ ಇಂಗ್ಲೆಂಡಿನ ಕೌಂಟಿ ತಂಡವೊಂದರ ಕ್ಯಾಪ್ಟನ್ ಅವನ ವೇಗ ನೋಡಿ, ಸಂಬಳದ ಆಟಗಾರನಾಗಿ ಕರೆದುಕೊಂಡು ಹೋದ. ಅಲ್ಲಿಯವರೆಗೆ ಕಂಪೆನಿಯ ಊರವರ ಮೆಸ್ಸಿನಲ್ಲಿ ಚನಿಯನ ಲೋಟ ಹೊರಗಿನ ಕಟ್ಟೆಯ ಮೇಲಿರುತ್ತಿತ್ತು. ಅವನು ವಿಮಾನ ಹತ್ತುವ ದಿನ ಪ್ರೇಮನಾಥ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡ.

ಮೊದಲ ಬೇಸಿಗೆ ಚೆನ್ನಾಗಿಯೇ ಕಳೆಯಿತು. ವಿಕೆಟ್ ಬಿದ್ದವು, ಚಪ್ಪಾಳೆಯೂ ಬಿತ್ತು. ಚನಿಯ ಎನ್ನಲು ನಾಲಗೆ ಹೊರಳದೆ ಕ್ಯಾಪ್ಟನ್ ಚಾರ್ಲಿ ಎಂದ. ಎಲ್ಲರಿಗೂ ಅವನು ಚಾರ್ಲಿಯಾದ. ಎರಡನೆಯ ಬೇಸಿಗೆಯಲ್ಲಿ ಭುಜ ನೋಯತೊಡಗಿತು. ಬಾಯಿಬಿಟ್ಟು ಹೇಳಿದ. ಸೂಜಿ ಚುಚ್ಚಿಸಿ ಮತ್ತೆ ಚೆಂಡು ಕೊಟ್ಟರು. ನೋವು ಗೊತ್ತಾಗದ ಕೈಯಲ್ಲಿ ದಿನವಿಡೀ ಬೌಲ್ ಮಾಡಿದ. ಒಂದು ಬೆಳಿಗ್ಗೆ ಅಂಗಿಯ ತೋಳಿನೊಳಗೆ ಕೈ ತೂರಲೇ ಇಲ್ಲ. ಅವನ ಜಾಗಕ್ಕೆ ಇನ್ನೊಬ್ಬ ಬಂದ. ಚನಿಯನಿಗೆ ವಾಪಸು ಟಿಕೇಟು ಬಂತು.

ಬಹ್ರೇನಿಗೆ ಮರಳಿದಾಗ ಲೋಟ ಮತ್ತೆ ಕಟ್ಟೆಗೇ ಹೋಯಿತು.

ಈಗ ಅದೇ ಕೌಂಟಿ ತಂಡ ಮತ್ತೆ ಬಂದಿತ್ತು. ಆಟ ಮುಗಿದ ಮೇಲೆ ಶಾಮಿಯಾನದಡಿ ಊಟ. ಕ್ಯಾಪ್ಟನ್ ಪಕ್ಕ ನಿಂತು ಫೋಟೋಕ್ಕೆ ನಗಬೇಕು, ಆಮೇಲೆ ಹಿಂದೆ ಪಾತ್ರೆ ತೊಳೆಯುವವರ ಜೊತೆ ಉಣ್ಣಬೇಕು ಎಂದು ಪ್ರೇಮನಾಥ ಚನಿಯನಿಗೆ ಮೊದಲೇ ತಾಕೀತು ಮಾಡಿದ್ದ.

ಕ್ಯಾಪ್ಟನ್ ಬಂದವನೇ ನೋಯುವ ಭುಜವನ್ನೇ ತಟ್ಟಿ, ಚಾರ್ಲಿ, ಕೈ ಹೇಗಿದೆ ಎಂದು ಕೇಳಿದ. ಉತ್ತರಕ್ಕೆ ಕಾಯದೆ ಕ್ಯಾಮೆರಾದತ್ತ ತಿರುಗಿ ನಕ್ಕ. ಈ ಮನುಷ್ಯನಿಗೆ ಹೇಳಲೆಂದು ಚನಿಯ ಅದೆಷ್ಟೋ ಮಾತು ಕೂಡಿಟ್ಟಿದ್ದ. ಫೋಟೋ ತೆಗೆದದ್ದೇ ಹಿಂದಕ್ಕೆ ನಡೆದ.

ಶಾಮಿಯಾನದ ಹಿಂದೆ ಅಡುಗೆಯ ಹ್ಯೂಬರ್ಟ್ ಅಲ್ಯುಮಿನಿಯಂ ತಟ್ಟೆಗೆ ಅನ್ನ, ಮೀನಿನ ಸಾರು ಬಡಿಸಿಕೊಟ್ಟ. ಚನಿಯ ಆ ತಟ್ಟೆಯನ್ನೇ ಎತ್ತಿಕೊಂಡು ನೇರ ಒಳಗೆ ಬಂದು, ಕ್ಯಾಪ್ಟನ್ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ.

ಪ್ರೇಮನಾಥ ಕಿವಿಯ ಹತ್ತಿರ ಬಗ್ಗಿದ. "ಎಂತದೋ ಇದು? ಏಳು. ಊರವರೆಲ್ಲ ಉಣ್ತಾ ಇದ್ದಾರೆ, ಸೂಳೆಮಗನೆ."

"ಇವ ನನ್ನ ಕೈ ತಿಂದ," ಚನಿಯ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನಾನು ಇವನ ಪಕ್ಕ ಕೂತು ಅನ್ನ ತಿನ್ನುದು. ನಿಮಗೆ ಆಗುದಿಲ್ಲಾಂದ್ರೆ ನೀವು ಏಳಿ."

ಅವರು ಎದ್ದರು. ಕೈ ತೊಳೆಯಲು ಹೊರಟವರಂತೆ ಒಬ್ಬರ ಹಿಂದೆ ಒಬ್ಬರು ಊರವರೆಲ್ಲ ಎದ್ದರು. ಏನಾಯಿತೆಂದು ಕ್ಯಾಪ್ಟನ್ ಕೇಳಿದ್ದಕ್ಕೆ, ಚಾರ್ಲಿಗೆ ತಲೆ ಸರಿಯಿಲ್ಲ ಎಂದ ಪ್ರೇಮನಾಥ. ಕ್ಯಾಪ್ಟನ್ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿ, ತನ್ನ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ.

ಅರ್ಧ ಉಂಡು ಬಿಟ್ಟ ತಟ್ಟೆಗಳ ನಡುವೆ ಚನಿಯ ಒಬ್ಬನೇ ಉಳಿದ. ಬಲಗೈಯಲ್ಲೇ ತುತ್ತು ಕಲಸಿದ. ಕೈ ಬಾಯಿಯವರೆಗೆ ಏರಲಿಲ್ಲ. ತಲೆಯನ್ನೇ ತಟ್ಟೆಯವರೆಗೆ ಇಳಿಸಿ, ನಿಧಾನವಾಗಿ ಉಣ್ಣತೊಡಗಿದ.